ಪಾಠದ ಹೊತ್ತಿನಲ್ಲಿ ಮಕ್ಕಳಿಗೆ ಫೋನ್ ಮಾಡಬೇಡಿ

ದುಬೈಯ ದೇರಾದಲ್ಲಿ ದುಡಿಯುತ್ತಿರುವ ನನ್ನೂರ ಅಣ್ಣಂದಿರೇ, ಅಕ್ಕಂದಿರೇ, ಬರ್‌ದುಬೈ, ಶಾರ್ಜಾ, ಅಬುಧಾಬಿಯ ಬಂಧುಗಳೇ,

ಕಾಲೇಜು ತರಗತಿಗಳಲ್ಲಿ ಮೊಬೈಲಿನ ಹಾವಳಿ ಎಷ್ಟೆಂದು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಡೆಸ್ಕಿನಡಿ ಬೆರಳಾಡಿಸುವ ಹುಡುಗ, ಕೂದಲ ಮರೆಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗಿ, ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ನಡೆಯುವ ಫ್ರೀ ಫೈರ್ ಆಟ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗ ಎದ್ದು ನಿಲ್ಲುವ ಕ್ಯಾಮೆರಾ. ಇದನ್ನೆಲ್ಲ ನೀವು ಕೇಳಿದ್ದೀರಿ, ಶುಕ್ರವಾರದ ಬಿರಿಯಾನಿಯ ಮುಂದೆ ಕುಳಿತು "ಈಗಿನ ಮಕ್ಕಳೇ ಹೀಗೆ" ಎಂದು ಮಾತಾಡಿಕೊಂಡಿದ್ದೀರಿ. ಮಕ್ಕಳ ತಲೆಗೆ ಕಟ್ಟುತ್ತಿರುವ ಈ ದೂರಿನಲ್ಲಿ ನಮ್ಮ ಪಾಲು ಎಷ್ಟು ಎಂದು ಯಾರೂ ಕೇಳುತ್ತಿಲ್ಲ. ನಾನು ಕೇಳುತ್ತೇನೆ. ಪಾಠ ನಡೆಯುತ್ತಿರುವಾಗ ಆ ಫೋನಿಗೆ ಕರೆ ಮಾಡುವವರು ಯಾರು? ನಾವು. ಅಪ್ಪ, ಅಮ್ಮ, ದೊಡ್ಡಪ್ಪ, ಮಾವ. ಉಳಿದ ಕಾರಣಗಳನ್ನು ಕ್ಷಮಿಸಬಹುದು, ಇದನ್ನು ಕ್ಷಮಿಸಲಾಗದು.

ಈಚೆಗೆ ನಾಯಿಫ್ ಕಡೆಯ ಮೊಬೈಲ್ ಅಂಗಡಿಯೊಂದಕ್ಕೆ ನನ್ನ ಫೋನಿನ ಒಡೆದ ಗಾಜು ಬದಲಿಸಲು ಹೋಗಿದ್ದೆ. ಅಂಗಡಿಯವರು ನಮ್ಮ ಕಡೆಯವರೇ. ಹೆಸರು ಬೇಡ, ಊರೂ ಬೇಡ. ಅವರು ಸ್ಪೀಕರ್ ಹಾಕಿಕೊಂಡು, ಗಿರಾಕಿಗಳ ಎದುರಲ್ಲೇ, ಊರಿನ ಕಾಲೇಜಿನ ಉಪನ್ಯಾಸಕಿಯೊಬ್ಬರಿಗೆ ಜೋರು ಮಾಡುತ್ತಿದ್ದರು. "ಅದು ನಾನು ಇಲ್ಲಿ ದುಡಿದು ತೆಗೆದುಕೊಟ್ಟ ಫೋನ್. ಅದನ್ನು ತೆಗೆದಿಡ್ಲಿಕ್ಕೆ ನೀವು ಯಾರು? ನಿಮ್ಮ ಪ್ರಿನ್ಸಿಪಾಲರಿಗೆ ಹೇಳ್ತೇನೆ, ಮ್ಯಾನೇಜ್‌ಮೆಂಟಿಗೂ ಹೇಳ್ತೇನೆ." ಆ ಕಡೆಯಿಂದ ತಗ್ಗಿದ ದನಿಯಲ್ಲಿ ಒಂದೇ ಉತ್ತರ: "ಸರ್, ಪಾಠದ ಮಧ್ಯ ರಿಂಗ್ ಆಯ್ತು ಸರ್."

ಕರೆ ಮುಗಿದ ಮೇಲೆ ನಾನು ಕೇಳಿದೆ: "ಫೋನ್ ತೆಗೆದಿಟ್ಟದ್ದು ನಿಮಗೆ ಹೇಗೆ ಗೊತ್ತಾಯಿತು?"

"ಮಗನಿಗೆ ಮಾಡಿದ್ದೆ. ಎತ್ತಿದ್ದು ಈ ಮೇಡಂ."

"ಕ್ಲಾಸಿನ ಹೊತ್ತಿಗೆ ಯಾಕೆ ಮಾಡಿದಿರಿ?"

"ನಂಗೆ ಪುರುಸೊತ್ತು ಆಗುದೇ ಆಗ ಮಾರಾಯ್ರೆ. ಎಂತ ಮಾಡುದು?"

ಅವರ ಮುಖದಲ್ಲಿ ಅಳುಕಿನ ಗೆರೆಯೂ ಇರಲಿಲ್ಲ. ತರಗತಿ ಕೆಡಿಸಿದ್ದು ಅವರ ಕರೆ, ಬೈಗುಳ ತಿಂದದ್ದು ಪಾಠ ಹೇಳುತ್ತಿದ್ದಾಕೆ. ಗಾಜು ಹಾಕಿಸದೆಯೇ ಅಂಗಡಿಯಿಂದ ಎದ್ದು ಬಂದೆ. ಮುರಖ್ಖಬಾತಿನ ಮನೆ ಮುಟ್ಟುವ ತನಕ ಕೈ ನಡುಗುತ್ತಿತ್ತು. ಮದುವೆಯಾಗಿ ಇಲ್ಲಿಗೆ ಬರುವ ಮೊದಲು ನಾನೂ ಕರಾವಳಿಯ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೆ. ಆ ತಗ್ಗಿದ ದನಿ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು. ಕರ್ನಾಟಕದ ಕಾಲೇಜುಗಳಲ್ಲಿ ಇವತ್ತು ಪಾಠದ ದೊಡ್ಡ ಪಾಲು ಹೊರುತ್ತಿರುವವರು ಅತಿಥಿ ಉಪನ್ಯಾಸಕರು, ತಾತ್ಕಾಲಿಕ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ತಿಳಿಯದವರು. ಅತ್ತ ಖಾಸಗಿ ಕಾಲೇಜಿಗೆ ಗಲ್ಫಿನ ತಂದೆ ಎಂದರೆ ಎನ್‌ಆರ್‌ಐ ಕೋಟಾದ ಶುಲ್ಕ, ಕಟ್ಟಡದ ನಿಧಿ, ವಾರ್ಷಿಕೋತ್ಸವದ ಪ್ರಾಯೋಜಕ. ದಿರ್ಹಮಿನ ಬಲವಿರುವ ಒಬ್ಬ ತಂದೆ ಸ್ವರ ಏರಿಸಿದರೆ ಸಂಜೆಯೊಳಗೆ ಫೋನ್ ಮಗನ ಕೈಗೆ ಬರುತ್ತದೆ, ಉಪನ್ಯಾಸಕಿ ಕ್ಷಮೆ ಕೇಳುತ್ತಾಳೆ. ಮರುದಿನ ಆ ತರಗತಿಯ ಅರುವತ್ತು ಮಕ್ಕಳಲ್ಲಿ ಯಾರು ಆಕೆಯ ಮಾತು ಕೇಳುತ್ತಾರೆ? ಹೇಳಿ, ಯಾರು ಕೇಳುತ್ತಾರೆ?

ನಮ್ಮ ಗಡಿಯಾರವನ್ನು ಸ್ವಲ್ಪ ನೋಡೋಣ. ಊರಿಗೂ ಇಲ್ಲಿಗೂ ಒಂದೂವರೆ ಗಂಟೆಯ ಅಂತರ. ದೇರಾದ ಅಂಗಡಿಯವನು ಬೆಳಿಗ್ಗೆ 9ಕ್ಕೆ ಶಟರ್ ಎತ್ತಿ, ಸುಲೈಮಾನಿ ಚಹಾ ತರಿಸಿಕೊಂಡು, ಗಿರಾಕಿ ಬರುವ ಮೊದಲು ಮಗಳಿಗೊಂದು ಕರೆ ಮಾಡುತ್ತಾನೆ. ಮಂಗಳೂರಿನಲ್ಲಿ ಆಗ 10.30, ಎರಡನೇ ಪೀರಿಯಡ್. ಮಧ್ಯಾಹ್ನ 1.30ಕ್ಕೆ ಅಂಗಡಿ ಮುಚ್ಚಿ ರೂಮಿಗೆ ಹೋಗಿ ಬಂಕ್ ಮಂಚದಲ್ಲಿ ಕಾಲು ಚಾಚಿ ಫೋನ್ ಹಿಡಿಯುತ್ತಾನೆ. ಊರಿನಲ್ಲಿ ಆಗ 3 ಗಂಟೆ, ದಿನದ ಕೊನೆಯ ಪಾಠ. ಶುಕ್ರವಾರವಂತೂ ಕೇಳುವುದೇ ಬೇಡ. ಜುಮ್ಮಾ ನಮಾಜು ಮುಗಿಯುವ ತನಕ ಎಷ್ಟೋ ಅಂಗಡಿಗಳು ತೆರೆಯುವುದಿಲ್ಲ, ಬೆಳಗ್ಗೆಲ್ಲ ಪುರುಸೊತ್ತು. ಊರಿನಲ್ಲಿ ಶುಕ್ರವಾರ ಪೂರ್ತಿ ಕೆಲಸದ ದಿನ. ಗಲ್ಫಿನವರ ಮಕ್ಕಳು ಹೆಚ್ಚಿರುವ ತರಗತಿಯಲ್ಲಿ ಶುಕ್ರವಾರ ಪಾಠ ಮಾಡಿದ ಯಾವ ಉಪನ್ಯಾಸಕರನ್ನಾದರೂ ಕೇಳಿ ನೋಡಿ. ಒಂದು ಮೂಲೆಯಿಂದ ಗುರುಗುಟ್ಟುವ ಸದ್ದು, ಇನ್ನೊಂದು ಮೂಲೆಯಿಂದ "ಮೇಡಂ, ಪಪ್ಪನ ಕಾಲ್, ಹೊರಗೆ ಹೋಗಬಹುದಾ?" ಹೋಗಬೇಡ ಎಂದರೆ ಮೇಡಂ ಕಲ್ಲು ಮನಸ್ಸಿನವಳು. ಹೋಗು ಎಂದರೆ ಪಾಠ ಹೋಯಿತು.

ನಮ್ಮ ಪುರುಸೊತ್ತಿಗೆ ಮಕ್ಕಳ ವಿದ್ಯೆಯನ್ನು ಬಲಿ ಕೊಡುತ್ತಿದ್ದೇವೆ. ಈ ಮಾತನ್ನು ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಆ ಅಪ್ಪನ ಸಂಕಟ ನನಗೆ ತಿಳಿಯದ್ದಲ್ಲ. ಹಿಂದೆ ದೇರಾಕ್ಕೆ ಬಂದ ನಮ್ಮ ಹಿರಿಯರು ಕಾಗದ ಬರೆಯುತ್ತಿದ್ದರು, ರಜೆಗೆ ಹೋಗುವವರ ಕೈಯಲ್ಲಿ ದನಿ ತುಂಬಿದ ಕ್ಯಾಸೆಟ್ ಕಳಿಸುತ್ತಿದ್ದರು, ಬೂತಿನ ಮುಂದೆ ಸಾಲು ನಿಂತು ಎರಡು ನಿಮಿಷ ಮಾತಾಡಿ ಬರುತ್ತಿದ್ದರು. ಮಗುವಿನ ಮುಖ ನೋಡಲು ಎರಡು ವರ್ಷ ಕಾಯುತ್ತಿದ್ದರು. ಇವತ್ತು ಅಂಗೈಯಲ್ಲಿ ಮುಖ ಕಾಣುತ್ತದೆ. ಇಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲವೆಂದು ಊರಿನಲ್ಲಿರುವ ಅಜ್ಜಿಯ ಫೋನಿಗೂ ಬೋಟಿಮ್ ಆ್ಯಪ್ ಹಾಕಿಸಿದ್ದೇವೆ. ದೂರದಲ್ಲಿರುವ ತಂದೆಗೆ ತಂದೆಯಾಗಿರಲು ಉಳಿದಿರುವುದು ಫೋನ್ ಒಂದೇ ಎಂಬುದನ್ನು ಒಪ್ಪುತ್ತೇನೆ. ಭಯವೂ ನಮಗೆ ಉಳಿದವರಿಗಿಂತ ಹೆಚ್ಚು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಅಂದು ದೇರಾದ ಕೋಣೆಕೋಣೆಯಲ್ಲಿ ಫೋನ್ ಬಡಿದುಕೊಂಡದ್ದನ್ನು ಹಳಬರು ಇನ್ನೂ ಹೇಳುತ್ತಾರೆ. ಅಂಥ ದಿನ ಕಂಡವರಿಗೆ ಮಕ್ಕಳ ದನಿ ಕೇಳದೆ ಸಮಾಧಾನವಿಲ್ಲ.

ಆದರೆ ಮಧ್ಯಾಹ್ನ ಮೂರು ಗಂಟೆಯ ಪಾಠದ ನಡುವೆ ನಾವು ಕೇಳುವುದು ಏನನ್ನು? "ಊಟ ಆಯ್ತಾ? ಎಂತ ಪದಾರ್ಥ? ಮಮ್ಮಿ ಎಲ್ಲಿ? ಆ ಪಾರ್ಸೆಲ್ ಸಿಕ್ಕಿತಾ?" ಇದು ಆಪತ್ತೇ? ನಿಜವಾದ ಆಪತ್ತು ಬಂದರೆ ಪ್ರತಿ ಕಾಲೇಜಿನ ಕಚೇರಿಯಲ್ಲೂ ಫೋನ್ ಇದೆ, ಎತ್ತಿಕೊಳ್ಳಲು ಗುಮಾಸ್ತರಿದ್ದಾರೆ, ಓಡಿ ಬಂದು ಮಗುವನ್ನು ಕರೆಯಲು ಅಟೆಂಡರ್ ಇದ್ದಾರೆ. ನಮ್ಮ ಮಗುವಿನ ಕಾಲೇಜಿನ ಕಚೇರಿ ಸಂಖ್ಯೆ ನಮ್ಮಲ್ಲಿ ಎಷ್ಟು ಜನರ ಫೋನಿನಲ್ಲಿದೆ? ಈಗಲೇ ತೆರೆದು ನೋಡಿ. ಕಾರ್ಗೋದವನ ಸಂಖ್ಯೆ ಇರುತ್ತದೆ, ಟಿಕೆಟ್ ಏಜೆಂಟನ ಸಂಖ್ಯೆ ಇರುತ್ತದೆ. ಮಗು ದಿನವೆಲ್ಲ ಕೂರುವ ಜಾಗದ ಸಂಖ್ಯೆ ಇರುವುದಿಲ್ಲ.

2021ರ ಜೂನ್ ತಿಂಗಳ ಒಂದು ಚಿತ್ರ ನಿಮಗೆ ನೆನಪಿರಬೇಕು. ಕೋವಿಡ್ ಕಾಲ. ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ ಹುಡುಗಿಯೊಬ್ಬಳು ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ಸುರಿಯುವ ಮಳೆಯಲ್ಲಿ ತಂದೆ ಅವಳ ಮೇಲೆ ಕೊಡೆ ಹಿಡಿದು ನಿಂತಿದ್ದಾನೆ. ಆ ಚಿತ್ರವನ್ನು ನಾವೆಲ್ಲ ಈ ಫೋನಿನಿಂದ ಆ ಫೋನಿಗೆ ಕಳಿಸಿದೆವು, ಕಣ್ಣೀರು ಒರೆಸಿಕೊಂಡೆವು. ಪಾಠ ತಪ್ಪದಿರಲಿ ಎಂದು ಮಳೆಯಲ್ಲಿ ನಿಂತ ತಂದೆ ಅವನು. ಅದೇ ಜಿಲ್ಲೆಯ ತಂದೆತಾಯಂದಿರು ನಾವು, ಪಾಠದಿಂದ ಮಗುವನ್ನು ಎಬ್ಬಿಸಿ ವರಾಂಡಕ್ಕೆ ಕರೆಯುತ್ತಿದ್ದೇವೆ. ನಾಚಿಕೆಯಾಗಬೇಡವೇ?

ಒಂದು ಕರೆಯಿಂದ ಏನಾದೀತು ಎನ್ನುವವರಿಗೆ ಹೇಳುತ್ತೇನೆ. ಯುನೆಸ್ಕೋ 2023ರಲ್ಲಿ ಹೊರತಂದ ಜಾಗತಿಕ ಶಿಕ್ಷಣ ವರದಿ ತಂತ್ರಜ್ಞಾನದ ಬಗ್ಗೆಯೇ ಇತ್ತು. ಒಮ್ಮೆ ಚದುರಿದ ವಿದ್ಯಾರ್ಥಿಯ ಗಮನ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಎಂದು ಅದು ಹೇಳಿದೆ. ಒಂದು ಪೀರಿಯಡ್ ಎಂದರೆ ಹೆಚ್ಚೆಂದರೆ ಒಂದು ಗಂಟೆ. ನಿಮ್ಮ "ಊಟ ಆಯ್ತಾ" ಅದರ ಮೂರನೇ ಒಂದು ಪಾಲನ್ನು ನುಂಗಬಹುದು. ಕೆನಡಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇನ್ನೂ ಕಹಿಯಾದ ಸತ್ಯ ಹೇಳುತ್ತದೆ. ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರು ಪರೀಕ್ಷೆಯಲ್ಲಿ ಶೇ. 11ರಷ್ಟು ಹಿಂದೆ ಬಿದ್ದರು. ತಾವು ಏನೂ ಮಾಡದೆ ಅವರ ಪರದೆ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತಿದ್ದವರು ಶೇ. 17ರಷ್ಟು ಹಿಂದೆ ಬಿದ್ದರು. ಫೋನಿಗೂ ಇದೇ ಲೆಕ್ಕ ಹಿಡಿದರೆ, ನಿಮ್ಮ ಮಗನ ಫೋನಿನಿಂದ ಹೆಚ್ಚು ನಷ್ಟವಾಗುವುದು ಅವನ ಹಿಂದಿನ ಬೆಂಚಿನಲ್ಲಿ ಕೂತವನಿಗೆ ಎಂದಾಯಿತು. ಅವನು ಬೀಡಿ ಕಟ್ಟುವ ತಾಯಿಯ ಮಗನಿರಬಹುದು. ಅವನಿಗೆ ಎನ್‌ಆರ್‌ಐ ಕೋಟಾ ಇಲ್ಲ, ನಪಾಸಾದರೆ ದೇರಾದಲ್ಲಿ ಅಪ್ಪನ ಅಂಗಡಿಯೂ ಇಲ್ಲ. ಅವನ ಪಾಠ ಕೆಡಿಸುವ ಹಕ್ಕನ್ನು ನಮಗೆ ಯಾರು ಕೊಟ್ಟರು?

ಈ ದುಬೈಯಲ್ಲೇ ಪ್ರತಿವರ್ಷ ಯಕ್ಷಗಾನ ನೋಡುತ್ತೇವೆ. ಭಾಗವತರು ಪದ ಎತ್ತಿದಾಗ ಯಾರಾದರೂ ರಂಗಸ್ಥಳಕ್ಕೆ ಹೋಗಿ ಮದ್ದಳೆಯವನ ಭುಜ ತಟ್ಟಿ ಮನೆಯ ಸುದ್ದಿ ಕೇಳುತ್ತಾರೆಯೇ? ಸಭೆಯೆಲ್ಲ ಎದ್ದು ಬೈಯುತ್ತದೆ. ತರಗತಿಯಲ್ಲಿ ದಿನವೂ ಅದನ್ನೇ ಮಾಡುತ್ತಿದ್ದೇವೆ, ಬೈಯುವವರಿಲ್ಲ.

ಇಲ್ಲಿ ಓದುವ ಮಕ್ಕಳ ವಿಷಯಕ್ಕೂ ಬರೋಣ. ಯುಎಇಯ ಶಾಲೆಗಳಲ್ಲಿ ವಿದ್ಯಾರ್ಥಿಗಳ ಮೊಬೈಲಿಗೆ ನಿಷೇಧವಿದೆ, 2018ರಲ್ಲಿ ಶಿಕ್ಷಣ ಸಚಿವಾಲಯ ಹೊರಡಿಸಿದ ವಿದ್ಯಾರ್ಥಿ ನಡತೆಯ ನಿಯಮಗಳಲ್ಲೇ ಅದು ಸೇರಿದೆ. ಹನ್ನೆರಡನೇ ತರಗತಿಯ ತನಕ ನಾವು ತುಟಿ ಪಿಟಕ್ಕೆನ್ನದೆ ಅದಕ್ಕೆ ತಲೆಬಾಗುತ್ತೇವೆ. ಅದೇ ಮಗು ದುಬೈ ಅಕಾಡೆಮಿಕ್ ಸಿಟಿಯ ಮಣಿಪಾಲಕ್ಕೋ ಬಿಟ್ಸ್‌ಗೋ ಸೇರಿದ ಮರುದಿನದಿಂದ ಅಮ್ಮನ ಮೆಸೇಜು ಶುರು. ಬಸ್ ಸಿಕ್ಕಿತಾ, ಎಸಿ ಜಾಸ್ತಿ ಉಂಟಾ, ಸ್ವೆಟರ್ ಹಾಕಿದ್ಯಾ. ಕಾಲೇಜಿನ ಮಕ್ಕಳು ವಯಸ್ಕರು, ಅವರ ಕಿಸೆಗೆ ಕೈ ಹಾಕುವ ನಿಯಮವಿಲ್ಲ. ಹಾಜರಿಗೂ, ನೋಟ್ಸಿಗೂ ಫೋನೇ ಬೇಕು. ಹಾಗಾಗಿ ಅಲ್ಲಿ ಉಪನ್ಯಾಸಕರು ಒಬ್ಬಂಟಿ. ಶಾಲೆಗೆ ಸರ್ಕಾರದ ಬಲವಿತ್ತು, ಕಾಲೇಜಿನ ಮೇಷ್ಟ್ರಿಗೆ ತಂದೆತಾಯಿಯ ಬಲವೊಂದೇ. ಅದನ್ನೂ ಕಿತ್ತುಕೊಂಡಿದ್ದೇವೆ.

ತರಗತಿಯಲ್ಲಿ ಉಪನ್ಯಾಸಕರ ವಿಡಿಯೋ ತೆಗೆದು ರೀಲ್ ಮಾಡುವ ಚಟಕ್ಕೂ ಎಚ್ಚರಿಕೆ ಹೇಳಿಬಿಡುತ್ತೇನೆ. ಈ ದೇಶದ 2021ರ ಸೈಬರ್ ಅಪರಾಧ ಕಾನೂನಿನ 44ನೇ ವಿಧಿಯ ಪ್ರಕಾರ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆದು ಖಾಸಗಿತನಕ್ಕೆ ಧಕ್ಕೆ ತಂದರೆ ಕನಿಷ್ಠ ಆರು ತಿಂಗಳ ಜೈಲು, ಒಂದೂವರೆ ಲಕ್ಷದಿಂದ ಐದು ಲಕ್ಷ ದಿರ್ಹಮ್ ತನಕ ದಂಡ, ಅಥವಾ ಎರಡರಲ್ಲೊಂದು ಬೀಳಬಹುದು. ಮಗನಿಗೆ ಫೋನ್ ಕೊಡಿಸುವಾಗ ಕವರ್ ಯಾವ ಬಣ್ಣದ್ದೆಂದು ಅರ್ಧ ಗಂಟೆ ಚರ್ಚಿಸುವ ನಾವು ಈ ಒಂದು ಮಾತು ಹೇಳಿದ್ದೇವೆಯೇ?

ಫೋನ್ ಕೊಡಿಸುವ ಮಾತು ಬಂದಾಗ ಇನ್ನಷ್ಟು ಸಿಟ್ಟು ಬರುತ್ತದೆ. ನಾಯಿಫ್, ಸಬ್ಕಾ, ಬನಿಯಾಸ್ ಸ್ಕ್ವೇರ್ ಸುತ್ತಿನ ಗಲ್ಲಿಗಳಲ್ಲಿ ಮೊಬೈಲೇ ಜೀವನ. ಇಲ್ಲಿಂದ ಪೆಟ್ಟಿಗೆಗಟ್ಟಲೆ ಆಫ್ರಿಕಾಕ್ಕೆ ಹೋಗುತ್ತವೆ, ಹಳೆಯ ಸೆಟ್ಟುಗಳು ರಿಪೇರಿಯಾಗಿ ಮತ್ತೆ ಮಾರಾಟವಾಗುತ್ತವೆ. ಕಾಸರಗೋಡಿನ, ಮಂಗಳೂರಿನ, ಭಟ್ಕಳದ ಎಷ್ಟೋ ಮನೆಗಳ ಒಲೆ ಈ ವ್ಯಾಪಾರದಿಂದ ಉರಿಯುತ್ತಿದೆ. ಅದು ಮರ್ಯಾದೆಯ ದುಡಿಮೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಫೋನನ್ನು ಒಳಹೊರಗೆ ಬಲ್ಲವರು ನಾವು. ಯಾವ ಆಟ ಮಕ್ಕಳ ನಿದ್ದೆ ತಿನ್ನುತ್ತದೆ, ಯಾವ ಆ್ಯಪನ್ನು ಹೇಗೆ ಮುಚ್ಚಿಡಬಹುದು ಎಂಬುದೆಲ್ಲ ಗೊತ್ತಿದ್ದೂ ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ಬಂದರೆ ಐಫೋನ್ ಎಂದು ಮಾತು ಕೊಡುವವರು ನಾವೇ. ತರಗತಿಯ ಬಾಗಿಲಲ್ಲಿ ಫೋನ್ ಇಡುವ ಪೆಟ್ಟಿಗೆ ಬಂದರೆ ಅದಕ್ಕೆ ಹಾಕಲು ಒಂದು ಸತ್ತ ಸೆಟ್, ಕಿಸೆಯಲ್ಲಿ ಜೀವಂತ ಸೆಟ್ ಎಂಬ ಉಪಾಯವನ್ನು ಮಕ್ಕಳು ಕಂಡುಕೊಂಡಿದ್ದಾರೆಂದು ಊರಿನಲ್ಲಿ ಇನ್ನೂ ಕಲಿಸುತ್ತಿರುವ ನನ್ನ ಗೆಳತಿ ಹೇಳುತ್ತಾಳೆ. ಆ ಸತ್ತ ಸೆಟ್ ಮನೆಗೆ ಬಂದದ್ದು ಯಾರ ಸೂಟ್‌ಕೇಸಿನಲ್ಲಿ? ಎರಡು ಫೋನ್ ಯಾಕೆ ಮಗಾ ಎಂದು ನಾವು ಕೇಳಿದೆವೇ?

"ಕಾಲೇಜಿನವರು ಕಟ್ಟುನಿಟ್ಟು ಮಾಡಬೇಕು, ಜಾಮರ್ ಹಾಕಬೇಕು, ಸರ್ಕಾರ ಕಾನೂನು ತರಬೇಕು" ಎನ್ನುವ ಮಾತು ನಮ್ಮ ಸಂಘಗಳ ಸಭೆಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಫ್ರಾನ್ಸ್ 2018ರಲ್ಲಿ ಕಾನೂನು ಮಾಡಿ ಹದಿನೈದು ವರ್ಷದ ತನಕದ ಮಕ್ಕಳ ಶಾಲೆಗಳಲ್ಲಿ ಫೋನ್ ನಿಲ್ಲಿಸಿತು, ಅನಂತರ ಹಲವು ದೇಶಗಳು ಅದೇ ದಾರಿ ಹಿಡಿದಿವೆ. ಆಗಲಿ, ಒಳ್ಳೆಯದೇ. ಆದರೆ ಯಾವ ಕಾನೂನು ಬಂದರೂ ಅದನ್ನು ಜಾರಿ ಮಾಡಬೇಕಾದ್ದು ತರಗತಿಯಲ್ಲಿ ನಿಂತಿರುವ ಆ ಒಬ್ಬ ಉಪನ್ಯಾಸಕಿ. ಅವಳು ಫೋನ್ ತೆಗೆದಿಟ್ಟ ದಿನ ನಾವು ಅವಳ ಮೇಲೆ ಹರಿಹಾಯ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ. ತಪ್ಪಿನ ಬುಡ ಇಲ್ಲಿದೆ. ಮತ್ತೆ ಮತ್ತೆ ಹೇಳುತ್ತೇನೆ, ಇಲ್ಲಿದೆ.

ನಾನು ಕೇಳುವುದು ಹೆಚ್ಚೇನಿಲ್ಲ. ಊರಿನಲ್ಲಿ ಮಕ್ಕಳಿರುವವರು ಇಲ್ಲಿಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 2.30ರ ತನಕ ಅವರಿಗೆ ಕರೆಯನ್ನೂ ಮಾಡಬೇಡಿ, ವಾಯ್ಸ್ ಮೆಸೇಜನ್ನೂ ಕಳಿಸಬೇಡಿ. ಕಾಲೇಜಿನ ಕಚೇರಿ ಸಂಖ್ಯೆಯನ್ನು ಇವತ್ತೇ ಫೋನಿಗೆ ಹಾಕಿಕೊಳ್ಳಿ, ಆಪತ್ತಿಗೆ ಅದು ಸಾಕು. ಉಪನ್ಯಾಸಕಿ ಫೋನ್ ತೆಗೆದಿಟ್ಟರೆ "ಸರಿ ಮಾಡಿದಿರಿ ಮೇಡಂ" ಎನ್ನಿ, ಅದೂ ಮಗುವಿಗೆ ಕೇಳುವ ಹಾಗೆ ಎನ್ನಿ. ರಾಜ್ಯೋತ್ಸವಕ್ಕೆ ಪ್ರತಿಭಾ ಪುರಸ್ಕಾರ ಕೊಡುವ ನಮ್ಮ ಸಂಘಗಳು ವೇದಿಕೆಯಿಂದ ಈ ಮಾತನ್ನು ಒಮ್ಮೆ ಹೇಳಲಿ. ವಾರಾಂತ್ಯಕ್ಕೆ ಮಕ್ಕಳನ್ನು ದುಬೈಯ ಕನ್ನಡ ಪಾಠಶಾಲೆಗೆ ಕರೆತರುವ ತಂದೆತಾಯಂದಿರು ಹೊರಗೆ ಕಾಯುವಾಗ ಇದನ್ನೊಂದಿಷ್ಟು ಮಾತಾಡಿಕೊಳ್ಳಲಿ. ಅಲ್ಲಿ ಸಂಬಳವಿಲ್ಲದೆ ಅಕ್ಷರ ಕಲಿಸುವವರನ್ನು ನೋಡಿದರೆ ಪಾಠದ ಬೆಲೆ ತಾನಾಗಿ ತಿಳಿಯುತ್ತದೆ.

ಮಕ್ಕಳು ಓದಲಿ ಎಂದಲ್ಲವೇ ನಾವು ಇಲ್ಲಿಗೆ ಬಂದದ್ದು? ಒಂದು ಕೋಣೆಯಲ್ಲಿ ಆರು ಮಂದಿ ಮಲಗುವುದು, ಜುಲೈ ತಿಂಗಳ ಬಿಸಿಲಲ್ಲಿ ಸಾಮಾನು ಹೊರುವುದು, ಮದುವೆ ಮರಣಗಳಿಗೆ ಊರು ಮುಟ್ಟದೆ ಇರುವುದು ಎಲ್ಲ ಯಾತಕ್ಕೆ? ಆ ಕಷ್ಟದ ದುಡ್ಡಿನಿಂದ ಫೀಸು ಕಟ್ಟಿ, ಅದೇ ಫೀಸಿನ ಪಾಠವನ್ನು ನಮ್ಮ ಬೆರಳಿನಿಂದಲೇ ಅಳಿಸುತ್ತಿದ್ದೇವೆ. ಮಗ ಒಂದು ದಿನ ನಪಾಸಾಗಿ ವಿಸಿಟ್ ವೀಸಾದಲ್ಲಿ ಇದೇ ದೇರಾಕ್ಕೆ ಬಂದು ನಮ್ಮ ಪಕ್ಕದ ಮಂಚದಲ್ಲಿ ಮಲಗಿದರೆ ಆಗ ಮೊಬೈಲನ್ನು ಬೈದು ಏನು ಬಂತು?

ಮಧ್ಯಾಹ್ನ ನೀವು ಅಂಗಡಿ ಮುಚ್ಚುವುದು ಒಂದೂವರೆಗೆ. ಊರಿನಲ್ಲಿ ಕಾಲೇಜು ಬಿಡುವುದು ನಾಲ್ಕಕ್ಕೆ, ಇಲ್ಲಿಯ ಎರಡೂವರೆಗೆ. ನಡುವೆ ಇರುವುದು ಒಂದೇ ಗಂಟೆ. ಎರಡು ವರ್ಷ ಕಾದ ಅಪ್ಪಂದಿರ ಮಕ್ಕಳು ನಾವು. ಒಂದು ಗಂಟೆ ಕಾಯಿರಿ, ನಿಮಗೆ ಕೈ ಮುಗಿದು ಕೇಳುತ್ತೇನೆ, ಆಮೇಲೆ ಫೋನ್ ಮಾಡಿ.